ಡಾಕ್ಟರ್ ಕೇಳಿದಾಗ ಚಟವನ್ನು ಮುಚ್ಚಿಡಬೇಡಿ

(ಆಸ್ಪತ್ರೆಯ ಆವರಣದಲ್ಲಿ ರೋಗಿಗಳಿಗೆ ಹಾಗೂ ಅವರ ಸಂಬಂಧಿಕರಿಗೆ ನೀಡಿದ ಆರೋಗ್ಯ ಉಪನ್ಯಾಸ)



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಿಂದ ತಾವು ಬಂದಿದ್ದೀರಿ. ಎರಡು ಬಸ್ಸು ಬದಲಿಸಿ ಬಂದವರಿದ್ದೀರಿ, ಬುತ್ತಿ ಗಂಟು ಇನ್ನೂ ಬಿಚ್ಚದವರಿದ್ದೀರಿ. ಇಂದಿನ ವಿಷಯ ಮಾದಕ ವಸ್ತುಗಳ ಅಪಾಯ. ಈ ಹೆಸರು ಕೇಳಿದ ಕೂಡಲೆ 'ಇದು ದೊಡ್ಡ ಊರಿನ ಕಾಲೇಜು ಹುಡುಗರ ಮಾತು, ನಮಗೇನು ಸಂಬಂಧ' ಎಂದು ಅನೇಕರಿಗೆ ಅನಿಸುತ್ತದೆ. ಟಿ.ವಿ.ಯಲ್ಲಿ ತೋರಿಸುವ ಬಿಳಿ ಪುಡಿ ನಮ್ಮ ವಾರ್ಡಿಗೆ ಬರುವುದು ಬಹಳ ಅಪರೂಪ. ಬರುವುದೇ ಬೇರೆ. ಅಂಗಿ ಕಿಸೆಯಲ್ಲಿನ ಗುಟ್ಕಾ ಚೀಟಿ, ಸಂಜೆಯ ಕ್ವಾರ್ಟರ್, ಅಜ್ಜಿಯ ಸೆರಗಿನ ಗಂಟಿನಲ್ಲಿರುವ ಮೈಕೈ ನೋವಿನ ಗುಳಿಗೆ, ತಲೆದಿಂಬಿನ ಕೆಳಗಿನ ನಿದ್ದೆ ಗುಳಿಗೆ. ಇವನ್ನು ನಾವು ಮಾದಕ ವಸ್ತು ಎಂದು ಕರೆಯುವುದೇ ಇಲ್ಲ. ಚಟ ಎಂದೂ ಒಪ್ಪುವುದಿಲ್ಲ. 'ರೂಢಿ' ಎನ್ನುತ್ತೇವೆ.

ದಾಖಲು ಮಾಡಿಕೊಳ್ಳುವಾಗ ನಾವು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇವೆ. "ಏನರ ಚಟಾ ಐತೇನ್ರೀ?" ಆಗ ರೋಗಿ ಹೆಂಡತಿಯ ಮುಖ ನೋಡುತ್ತಾರೆ, ಹೆಂಡತಿ ನೆಲ ನೋಡುತ್ತಾರೆ. "ಏನೂ ಇಲ್ರೀ ಸಿಸ್ಟರ್, ಹಬ್ಬಕ್ಕೊಮ್ಮೆ ಒಂದೀಟು" ಎಂಬ ಉತ್ತರ ಬರುತ್ತದೆ. ನಾವು ಅದನ್ನೇ ಕೇಸ್ ಪೇಪರಿನಲ್ಲಿ ಬರೆಯುತ್ತೇವೆ. ಆ ಒಂದು ಸಾಲಿನ ಸುಳ್ಳಿನಿಂದ ಮೂರನೆಯ ದಿನ ಏನಾಗುತ್ತದೆ ಎಂಬುದನ್ನು ಹೇಳಲೆಂದೇ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ನಮ್ಮ ಕಡೆ ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬ. ಹೋರಿ ಹಾಯ್ದು ತೊಡೆಯ ಎಲುಬು ಮುರಿದುಕೊಂಡ ಒಬ್ಬ ಗಟ್ಟಿಮುಟ್ಟಾದ ರೈತ ದಾಖಲಾಗುತ್ತಾನೆ ಎಂದು ಇಟ್ಟುಕೊಳ್ಳಿ. ಮೊದಲ ದಿನ ಚೆನ್ನಾಗಿರುತ್ತಾನೆ. ಅಂದು ಸಂಜೆಯಿಂದ ಮರುದಿನದೊಳಗೆ ಕೈ ನಡುಗತೊಡಗುತ್ತದೆ, ಮೈ ಬೆವರುತ್ತದೆ, ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ನೋವಿಗೆ ಹೀಗಾಗಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿಯೇ ಫಿಟ್ಸ್ ಬರುತ್ತದೆ. ಮೂರನೆಯ ದಿನದ ಹೊತ್ತಿಗೆ ಗೋಡೆಯ ಮೇಲೆ ಹಾವು, ಚೇಳು ಹರಿದಾಡಿದಂತೆ ಕಾಣುತ್ತದೆ. ಇಲ್ಲದ ಎತ್ತುಗಳನ್ನು ಹೊಡೆಯುತ್ತಾನೆ, ಸತ್ತುಹೋದ ಅಪ್ಪನ ಜೊತೆ ಮಾತಾಡುತ್ತಾನೆ, ಸಲಾಯಿನ್ ಕಿತ್ತು ಒಗೆದು ಮುರಿದ ಕಾಲಿನ ಮೇಲೆಯೇ ಎದ್ದು ನಿಲ್ಲಲು ನೋಡುತ್ತಾನೆ. ಮನೆಯವರು ಗಾಳಿ ಸೋಂಕಿತೆಂದು ಹೆದರುತ್ತಾರೆ. ಲಿಂಬೆಹಣ್ಣು ತರಲು ಒಬ್ಬರು, ಅಂತ್ರ ಕಟ್ಟಿಸಲು ಒಬ್ಬರು ಓಡುತ್ತಾರೆ. ಬಿಡುಗಡೆ ಮಾಡಿಸಿಕೊಂಡು ಊರಿಗೆ ಕರೆದೊಯ್ಯುತ್ತೇವೆ ಎಂದು ಹಟ ಹಿಡಿಯುವವರೂ ಉಂಟು.

ಅದು ಗಾಳಿಯಲ್ಲ, ಹುಚ್ಚೂ ಅಲ್ಲ. ದಿನಾಲೂ ಕುಡಿಯುತ್ತಿದ್ದ ದೇಹಕ್ಕೆ ಮದ್ಯ ಒಮ್ಮೆಲೆ ನಿಂತುಹೋದದ್ದರ ಪರಿಣಾಮ. ಮದ್ಯ ಮೆದುಳಿನ ವೇಗವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಹಾಗೆ ತಗ್ಗಿಸಿದಾಗ ಮೆದುಳು ತಾನೂ ಹಟಕ್ಕೆ ಬಿದ್ದು ಒಳಗಿನ ವೇಗ ಹೆಚ್ಚಿಸಿಕೊಂಡಿರುತ್ತದೆ. ಇಳಿಜಾರಿನಲ್ಲಿ ಹೋಗುವ ಗಾಡಿಯ ಬ್ರೇಕ್ ಥಟ್ಟನೆ ಕಿತ್ತರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಎಲುಬು ಮುರಿದವನು ಎಲುಬಿನಿಂದ ಸಾಯುವುದಿಲ್ಲ, ಇದರಿಂದ ಸಾಯುತ್ತಾನೆ.

ಮೊದಲ ದಿನವೇ ನಿಜ ಹೇಳಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದಿತ್ತು ಎಂಬುದೇ ಸಂಕಟದ ಸಂಗತಿ. ಮೆದುಳನ್ನು ಶಾಂತಗೊಳಿಸುವ ಔಷಧಿಗಳಿವೆ. ಮೊದಲ ದಿನಗಳಲ್ಲಿ ಸಾಕಷ್ಟು ಕೊಟ್ಟು, ದಿನೇ ದಿನೇ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ-1 ಜೀವಸತ್ವದ ಇಂಜೆಕ್ಷನ್ ಕೊಡುತ್ತೇವೆ. ಬಹಳ ಕುಡಿಯುವವರ ದೇಹದಲ್ಲಿ ಇದು ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬಿದ್ದು ನೆನಪು, ನಡಿಗೆ, ಕಣ್ಣಿನ ಚಲನೆ ಕೆಡುವ ಸಂಭವವಿದೆ. ಕುಡಿತದ ವಿಷಯ ನಮಗೆ ಗೊತ್ತಿದ್ದರಲ್ಲವೆ ಅದನ್ನು ಮೊದಲು ಕೊಡುವುದು?

ಹೇಳುವಾಗ 'ಒಂದೀಟು' ಎನ್ನಬೇಡಿ. ಲೆಕ್ಕದಲ್ಲಿ ಹೇಳಿ. ದಿನಕ್ಕೆ ನೈಂಟಿ ಎಷ್ಟು, ಕ್ವಾರ್ಟರ್ ಎಷ್ಟು, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಎಂದಾದರೂ ಬಿಟ್ಟಾಗ ಕೈ ನಡುಗಿತ್ತೆ ಅಥವಾ ಫಿಟ್ಸ್ ಬಂದಿತ್ತೆ, ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೆಲಸ ನಡೆಯುವುದಿಲ್ಲವೆ. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಔಷಧಿಯ ಪ್ರಮಾಣ ನಿರ್ಧರಿಸಲು ನಮಗೆ ಬೇಕಾದದ್ದು ಈ ಲೆಕ್ಕ.

ಇದು ಯಾರೋ ಒಬ್ಬಿಬ್ಬರ ಮಾತಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. 10ರಿಂದ 75 ವರ್ಷದೊಳಗಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ ಎಂದು ಅದು ಹೇಳಿತು. ಗಂಡಸರಲ್ಲಿ ನೂರಕ್ಕೆ 27 ಜನ. ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನರಿಗೆ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ದೊರೆತಿದೆ ಎಂಬ ಮಾತೂ ಅದೇ ವರದಿಯಲ್ಲಿದೆ. ಉಳಿದ 37 ಜನ ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. 2007ರ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನಮ್ಮ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದರು. ಪ್ಯಾಕೀಟು ಹೋಯಿತು, ಚಟ ಬೇರೆ ಬಾಟಲಿಗೆ ಹೊರಳಿತು.

ತಾಯಂದಿರಿಗೆ ಇಲ್ಲಿಯೇ ಒಂದು ಮಾತು. 'ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ' ಎಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ಇಂಥ ಪುಡಿಗಳಲ್ಲಿ ಏನಿರುತ್ತದೆಂದು ಹೇಳಲಾಗದು. ಡೈಸಲ್ಫಿರಾಮ್ ಎಂಬ ಗುಳಿಗೆಯನ್ನು ಸಾರಿನಲ್ಲಿ ಕದ್ದು ಬೆರೆಸುವವರೂ ಇದ್ದಾರೆ. ಅದು ನಿಜವಾದ ಔಷಧಿಯೇ. ಆದರೆ ರೋಗಿ ತಿಳಿದು, ಒಪ್ಪಿ, ಪರೀಕ್ಷೆ ಮಾಡಿಸಿಕೊಂಡು ತೆಗೆದುಕೊಳ್ಳಬೇಕಾದದ್ದು. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿ.ಪಿ. ಇಳಿದು ಬೀಳುತ್ತಾರೆ. ಹೃದಯ ದುರ್ಬಲವಾಗಿದ್ದವರು ಉಳಿಯುವುದು ಕಷ್ಟ. ಗಂಡನ ಜೀವ ಉಳಿಸಲು ಹೋಗಿ ಹೀಗಾಗಬಾರದು. ಈಗಾಗಲೇ ಬೆರೆಸಿದ್ದರೆ ಅದನ್ನೂ ನಮಗೆ ಹೇಳಿಬಿಡಿ. ನಾವು ಬೈಯುವುದಿಲ್ಲ.

ಇನ್ನು ತಂಬಾಕು. ಇದರ ಬಗ್ಗೆ ಪಾಕೀಟಿನ ಮೇಲಿನ ಚಿತ್ರವೇ ಸಾಕಷ್ಟು ಹೇಳುತ್ತದೆ, ಯಾರೂ ನೋಡುವುದಿಲ್ಲ ಅಷ್ಟೆ. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಗುಟ್ಕಾ ನಮ್ಮಲ್ಲಿ 2013ರಲ್ಲಿಯೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಜೋಡಿಯಾಗಿ ಬಂದವು. ಎರಡನ್ನೂ ಕೂಡಿಸಿ ಬಾಯಿಗೆ ಹಾಕಿದರೆ ಮತ್ತೆ ಗುಟ್ಕಾವೇ. ನಮ್ಮ ಅಜ್ಜಿಯರ ತಪಕೀರು, ಕಡ್ಡಿಪುಡಿ ಇವೂ ತಂಬಾಕೇ. "ಹೆಣ್ಮಕ್ಳಿಗೆ ಎಂಥಾ ಚಟಾರೀ" ಎಂದು ನಕ್ಕು ಹೇಳುವ ಎಷ್ಟೋ ಅಜ್ಜಿಯರ ಕುಬಸದಲ್ಲಿ ಡಬ್ಬಿ ಇರುತ್ತದೆ.

ಆಪರೇಶನ್ನಿಗೆ ಬಂದವರು ಇದನ್ನು ಯಾಕೆ ಹೇಳಬೇಕು? ಈಗಲೇ ಪ್ರತಿಯೊಬ್ಬರೂ ಬಾಯಿ ತೆರೆದು ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸಬೇಕು. ಗುಟ್ಕಾ, ಅಡಿಕೆ ಬಹಳ ಅಗಿದವರ ಕೆನ್ನೆಯ ಒಳಪದರು ಚಕ್ಕಳದಂತೆ ಬಿಗಿದು ಎರಡು ಬೆರಳೂ ಹಿಡಿಸದಂತಾಗುತ್ತದೆ. ಖಾರ ತಾಗಿದರೆ ಉರಿಯುತ್ತದೆ. ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ಅದಲ್ಲದೆ, ಅರಿವಳಿಕೆ ಕೊಡುವ ಡಾಕ್ಟರು ಉಸಿರಾಟದ ನಳಿಗೆಯನ್ನು ಬಾಯಿಯಿಂದಲೇ ಇಳಿಸಬೇಕಾಗುತ್ತದೆ. ಬಾಯಿ ತೆರೆಯುವುದಿಲ್ಲವೆಂದು ಮೇಜಿನ ಮೇಲೆ ಮಲಗಿಸಿದ ನಂತರ ಗೊತ್ತಾದರೆ ಆ ಕೆಲವು ನಿಮಿಷಗಳು ಬಹಳ ಕಠಿಣ. ಮೊದಲೇ ತಿಳಿದಿದ್ದರೆ ಬೇರೆ ದಾರಿ ಸಿದ್ಧ ಮಾಡಿಕೊಳ್ಳುತ್ತಾರೆ. ತಂಬಾಕು ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ಗಾಯ ಬೇಗ ಮಾಯುವುದಿಲ್ಲ, ಮುರಿದ ಎಲುಬು ತಡವಾಗಿ ಕೂಡುತ್ತದೆ. "ಪಾಪ, ಬಾಯಿ ಕೆಟ್ಟೈತಿ ಅಂತಾನ" ಎಂದು ಕನಿಕರಪಟ್ಟು ವಾರ್ಡಿನೊಳಗೆ ಚೀಟಿ ತಂದುಕೊಡುವ ಅಳಿಯಂದಿರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ. ತಡೆಯಲಾಗದಷ್ಟು ಚಡಪಡಿಕೆಯಾದರೆ ಡಾಕ್ಟರಿಗೆ ಹೇಳಿ. ನಿಕೋಟಿನ್ ಗಮ್ ಮುಂತಾದವುಗಳಿವೆ.

ಸವಣೂರಿನ ಎಲೆ ಬೆಳೆಗಾರರು ಬೇಸರ ಮಾಡಿಕೊಳ್ಳಬಾರದು. ನಾನು ವೀಳ್ಯದೆಲೆಯನ್ನು ದೂರುತ್ತಿಲ್ಲ. ಆದರೆ ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ಶುಭಕಾರ್ಯದಲ್ಲಿ ತಾಂಬೂಲ ಕೊಡುವುದು ಬೇರೆ, ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವುದು ಬೇರೆ.

ನನ್ನ ಮಟ್ಟಿಗೆ, ನಮ್ಮ ಹಳ್ಳಿಗಳಲ್ಲಿ ಯಾರೂ ಮಾತೇ ಆಡದಿರುವ ಚಟವೆಂದರೆ ಗುಳಿಗೆಯ ಚಟ. ಭತ್ತದ ನಾಟಿ, ಗೋವಿನಜೋಳದ ಕಳೆ, ಹತ್ತಿ ಬಿಡಿಸುವ ಕೆಲಸ, ಬಾಗಿದ ಬೆನ್ನು ಎತ್ತದಂತೆ ದುಡಿಯುವ ತಾಯಂದಿರು ನೀವು. ಸಂಜೆ ಮೈಕೈ ನೋವು ಬರುವುದು ಸಹಜ. ಅಂಗಡಿಯಲ್ಲಿ "ನೋವಿಂದು ಕೊಡ್ರೀ" ಎಂದರೆ ಎರಡು ಮೂರು ಬಣ್ಣದ ಗುಳಿಗೆಗಳ ಪೊಟ್ಟಣ ಕಟ್ಟಿಕೊಡುತ್ತಾರೆ. ನುಂಗಿದ ಅರ್ಧ ಗಂಟೆಗೆ ಮೈ ಹಗುರ. ಮರುದಿನ ಮತ್ತೆ. ವರ್ಷ ಕಳೆಯುತ್ತದೆ.

ಆ ಪೊಟ್ಟಣದಲ್ಲಿ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಇದ್ದರೆ ಬಹಳ ಕಾಲದ ಮೇಲೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತದೆ, ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ. ಸಣ್ಣ ಬಿಳಿ ಗುಳಿಗೆಯಾಗಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಸೇರಿದ್ದರೆ ಕಥೆಯೇ ಬೇರೆ. ಹಸಿವೆ ಹೆಚ್ಚುತ್ತದೆ, ಮುಖ ದುಂಡಗಾಗುತ್ತದೆ. "ದವಾಖಾನಿ ಔಷಧ ಹತ್ತಲಿಲ್ಲ, ಈ ಗುಳಗಿ ಹತ್ತಿತು, ಮೈ ತುಂಬಿಕೊಂಡ್ಯಾ" ಎಂದು ಸಂತೋಷಪಡುತ್ತಾರೆ. ಅದು ಮೈ ತುಂಬಿದ್ದಲ್ಲ, ಬಾತದ್ದು. ಒಳಗೆ ಸಕ್ಕರೆ ಏರುತ್ತಿರುತ್ತದೆ, ಎಲುಬು ಟೊಳ್ಳಾಗುತ್ತಿರುತ್ತದೆ, ಕಣ್ಣಿಗೆ ಪೊರೆ ಬರುತ್ತಿರುತ್ತದೆ.

ನಮ್ಮ ಕಿಡ್ನಿಗಳ ಮೇಲೆ ಒಂದೊಂದು ಸಣ್ಣ ಗ್ರಂಥಿ ಇದೆ. ದೇಹಕ್ಕೆ ಬೇಕಾದ ಸ್ಟಿರಾಯ್ಡನ್ನು ಅದೇ ತಯಾರಿಸುತ್ತದೆ. ಹೊರಗಿನಿಂದ ಕೆಲವು ವಾರ ಸತತವಾಗಿ ಬಂದರೆ ಅದು ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಆಗ ಗುಳಿಗೆ ಒಮ್ಮೆಲೆ ನಿಂತರೆ, ಅಥವಾ ಅಂಥವರಿಗೆ ಜ್ವರ, ಅಪಘಾತ, ಆಪರೇಶನ್ ಆದರೆ ದೇಹಕ್ಕೆ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಬಿ.ಪಿ. ಕುಸಿಯುತ್ತದೆ, ಏನು ಕೊಟ್ಟರೂ ಏರುವುದಿಲ್ಲ. ಡಾಕ್ಟರಿಗೆ ಮೊದಲೇ ಗೊತ್ತಿದ್ದರೆ ಬೇಕಾದ ಸ್ಟಿರಾಯ್ಡನ್ನು ಇಂಜೆಕ್ಷನ್ ಮೂಲಕ ಕೊಟ್ಟು ಕಾಪಾಡುತ್ತಾರೆ. ಆದ್ದರಿಂದ ಈ ಮಾತು ಕೇಳಿ ಹೆದರಿ ಇಂದೇ ಪೊಟ್ಟಣ ತಿಪ್ಪೆಗೆ ಒಗೆಯಬೇಡಿ. ಇಲ್ಲಿಗೆ ತನ್ನಿ. ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ.

ನಿದ್ದೆ ಗುಳಿಗೆಯದೂ ಹೀಗೆಯೇ. ಮಗ ತೀರಿಕೊಂಡ ದುಃಖಕ್ಕೋ, ಸಾಲದ ಚಿಂತೆಗೋ ಡಾಕ್ಟರು ಹತ್ತು ದಿನಕ್ಕೆಂದು ಬರೆದ ಆಲ್ಪ್ರಜೋಲಾಂ ಐದು ವರ್ಷ ನಡೆದಿರುತ್ತದೆ. ಹಳೆಯ ಚೀಟಿ ಸವೆದು ಹರಿದಿರುತ್ತದೆ. ಆಸ್ಪತ್ರೆಗೆ ಸೇರಿದ ಗಡಿಬಿಡಿಯಲ್ಲಿ ಅದು ತಪ್ಪಿದರೆ ಕುಡಿತ ನಿಂತಾಗ ಆದಂತೆಯೇ ನಡುಕ, ಗಾಬರಿ, ಫಿಟ್ಸ್ ಬರಬಹುದು. ಅದನ್ನು ಮದ್ಯದ ಜೊತೆ ತೆಗೆದುಕೊಂಡರೆ ನಿದ್ದೆಯಲ್ಲಿಯೇ ಉಸಿರು ನಿಲ್ಲುವ ಅಪಾಯ. ಡಾಕ್ಟರ ಸಲಹೆಯಿಲ್ಲದೆ ಇಂಥ ಗುಳಿಗೆ ಬಳಸುವವರು ದೇಶದಲ್ಲಿ ಸುಮಾರು 1.18 ಕೋಟಿ ಎಂದು 2019ರ ಆ ವರದಿ ಹೇಳುತ್ತದೆ. ನಿದ್ದೆ ಗುಳಿಗೆ, ಟ್ರಮಡಾಲ್, ಕೊಡೀನ್ ಇಂಥವನ್ನು ಸರ್ಕಾರ 2014ರಿಂದ ಎಚ್-1 ಎಂಬ ಪಟ್ಟಿಗೆ ಸೇರಿಸಿದೆ. ಕೆಂಪು ಚೌಕಟ್ಟಿನಲ್ಲಿ ಎಚ್ಚರಿಕೆ ಮುದ್ರಿಸಿರುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ರಜಿಸ್ಟರಿನಲ್ಲಿ ಬರೆದಿಡಬೇಕು. ಕೆಂಪು ಚೌಕಟ್ಟು ಕಂಡ ಗುಳಿಗೆಯನ್ನು ಚೀಟಿ ಕೇಳದೆ ಯಾರಾದರೂ ಕೊಟ್ಟರೆ ಅದು ಅವರು ಮಾಡುವ ಉಪಕಾರವಲ್ಲ.

ಹುಡುಗರ ವಿಷಯ. ಅದೇ ವರದಿಯಂತೆ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಮುಂತಾದವನ್ನು ಬಳಸುತ್ತಾರೆ. ಗಾಂಜಾ ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ ಎಂಬ ಮಾತು ಹುಡುಗರ ಬಾಯಲ್ಲಿ ಬಹಳ ಓಡಾಡುತ್ತದೆ. ಧೊತ್ತೂರಿಯೂ ಗಿಡವೇ! ಎಳೆಯ ವಯಸ್ಸಿನಲ್ಲಿ ಸೇದಿದ ಕೆಲವರಿಗೆ ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆ, ಊಟದಲ್ಲಿ ಏನೋ ಹಾಕಿದ್ದಾರೆ ಎಂಬ ಸಂಶಯರೋಗ ಹುಟ್ಟುತ್ತದೆ. ಕೆಮ್ಮಿನ ಸಿರಪ್, ಬಲವಾದ ನೋವಿನ ಗುಳಿಗೆಗಳನ್ನು ಅಮಲಿಗಾಗಿ ಬಳಸುವವರಲ್ಲಿ ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟಾಗಿ, ತೂಕಡಿಕೆ ಬಂದು ಉಸಿರು ನಿಧಾನವಾಗುತ್ತದೆ. ಎಬ್ಬಿಸಿದರೆ ಏಳದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಪಂಕ್ಚರ್ ಸೊಲ್ಯೂಶನ್, ವೈಟ್ನರ್ ಮೂಸುವ ಚಟ ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚು. ಮೊದಲ ಸಲ ಮೂಸಿದಾಗಲೇ ಹೃದಯ ನಿಂತ ಉದಾಹರಣೆಗಳು ವೈದ್ಯಕೀಯದಲ್ಲಿವೆ.

'ಹೇಳಿದರೆ ಪೊಲೀಸರಿಗೆ ತಿಳಿಸುತ್ತೀರಿ' ಎಂಬ ಹೆದರಿಕೆ ಸಹಜ. ಅಪಘಾತ, ಹೊಡೆದಾಟದ ಕೇಸುಗಳಲ್ಲಿ ಕಾನೂನಿನಂತೆ ಮಾಹಿತಿ ಕೊಡುವುದು ಬೇರೆ ಮಾತು. ರೋಗಿಯ ದಿನನಿತ್ಯದ ಚಟವನ್ನು ನಾವು ಕೇಳುವುದು ಚಿಕಿತ್ಸೆಗಾಗಿ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯ ಕಾಯಿಲೆಯೂ ಸೇರಿದೆ. ಅದರ ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ಮಾದಕ ವಸ್ತುಗಳ ಕುರಿತ 1985ರ ಕಾಯ್ದೆಯ 64ಎ ಕಲಮು, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಗೆ ಬಂದು ಚಿಕಿತ್ಸೆ ಪೂರ್ತಿ ಮಾಡಿಸಿಕೊಳ್ಳುವ ವ್ಯಸನಿಗೆ ಬಳಕೆಯ ಅಪರಾಧದಿಂದ ರಕ್ಷಣೆ ಕೊಡುತ್ತದೆ.

ಇಳಕಲ್ಲ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳ ಹೆಸರು ತಾವೆಲ್ಲ ಕೇಳಿದ್ದೀರಿ. 1975ರಿಂದ ಅವರು ಊರೂರು ತಿರುಗಿ ದವಸವನ್ನಲ್ಲ, ದುಶ್ಚಟಗಳನ್ನು ಜೋಳಿಗೆಗೆ ಹಾಕಿರೆಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಅವರ ಜೋಳಿಗೆಯ ಮುಂದೆ ಜನ ತಮ್ಮ ಚಟವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಿ ಬಿಡುತ್ತಿದ್ದರು. ನನಗೆ ದೊಡ್ಡದಾಗಿ ಕಾಣುವುದು ಆ ಹೇಳುವ ಧೈರ್ಯ. ಆದರೆ ನರ್ಸ್ ಆಗಿ ಒಂದು ಮಾತು ಸೇರಿಸಲೇಬೇಕು. ದಿನಾಲೂ ಹೆಚ್ಚು ಕುಡಿಯುವವರು, ಬೆಳಿಗ್ಗೆಯೇ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ಜಾತ್ರೆಯಲ್ಲೋ ದೇವರ ಮುಂದೋ ಆಣೆ ಮಾಡಿ ಅದೇ ಕ್ಷಣ ಮನೆಯಲ್ಲಿ ಒಬ್ಬರೇ ಬಿಡಬಾರದು. ಆಣೆ ಮಾಡಿ, ಮರುದಿನವೇ ಆಸ್ಪತ್ರೆಗೆ ಬನ್ನಿ. ಮೊದಲ ವಾರವನ್ನು ಡಾಕ್ಟರ ಕಣ್ಣೆದುರು ಕಳೆಯಿರಿ. ತಂಬಾಕಿಗೆ ಈ ಭಯವಿಲ್ಲ, ಅದನ್ನು ಈ ಕ್ಷಣವೇ ಬಿಡಬಹುದು.

ಮನೆ ಮಂದಿಯೆಲ್ಲ ಸುತ್ತ ನಿಂತಾಗ ಹೇಳಲು ಸಂಕೋಚವಾದರೆ, ಅದರಲ್ಲೂ ಬೀಗರು ನೋಡಲು ಬಂದಿರುವಾಗ, "ಸಿಸ್ಟರ್, ನಿಮ್ಮ ಕೂಡ ಒಂದ್ ಮಾತು" ಎಂದರೆ ಸಾಕು, ಪಕ್ಕಕ್ಕೆ ಬರುತ್ತೇವೆ. ಗಂಡನ ಮುಂದೆ ಹೇಳಲು ಹೆದರಿಕೆ ಇರುವ ತಾಯಂದಿರು ಔಷಧಿ ಕೊಡುವ ಹೊತ್ತಿಗೆ ಬಂದು ಹೇಳಿ. ರಾತ್ರಿ ಪಾಳಿಯವರಿಗೂ ಹೇಳಬಹುದು. ದಾಖಲಾಗುವಾಗ 'ಇಲ್ಲ' ಎಂದು ಬರೆಸಿದವರು ಈಗ ಹೋಗಿ ತಿದ್ದಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಮನೆಗೆ ಫೋನ್ ಮಾಡಿ, ರೋಗಿ ನುಂಗುತ್ತಿದ್ದ ಎಲ್ಲ ಗುಳಿಗೆ, ಪೊಟ್ಟಣ, ಬಾಟಲಿ, ನಾಟಿ ಪುಡಿ ಸಹಿತ ಒಂದು ಚೀಲದಲ್ಲಿ ಹಾಕಿ ನಾಳಿನ ಬಸ್ಸಿಗೆ ಬರುವವರ ಕೈಯಲ್ಲಿ ಕಳಿಸಲು ಹೇಳಿ. ಹೆಸರು ಓದಲು ಬರದಿದ್ದರೂ ಚಿಂತೆಯಿಲ್ಲ, ಖಾಲಿ ಪಟ್ಟಿಯಾದರೂ ಸರಿ.

ಇಲ್ಲಿಂದ ಬಿಡುಗಡೆಯಾದ ಮೇಲೆ ಸಹಾಯ ಬೇಕಾದರೆ ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ-ಮಾನಸ್ 14416, ತಂಬಾಕು ಬಿಡಲು 1800-11-2356. ಮೂರಕ್ಕೂ ಹಣ ಹತ್ತುವುದಿಲ್ಲ. ತಾಲೂಕಾ ಆಸ್ಪತ್ರೆಗೆ ಮಾನಸಿಕ ತಜ್ಞರು ಬರುವ ದಿನವನ್ನು ವಿಚಾರಿಸಿಟ್ಟುಕೊಳ್ಳಿ. ಹೆಚ್ಚಿನ ಚಿಕಿತ್ಸೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ ದೊರೆಯುತ್ತದೆ.

ಈಗ ಕೇಳುವುದಿದ್ದರೆ ಕೇಳಿ. ಎಲ್ಲರೆದುರು ಬೇಡವೆನಿಸಿದರೆ ನಾನು ಮಧ್ಯಾಹ್ನದವರೆಗೆ ಡ್ರೆಸ್ಸಿಂಗ್ ಕೋಣೆಯ ಪಕ್ಕದಲ್ಲಿಯೇ ಇರುತ್ತೇನೆ.